ಥಾಯ್-ಜಪಾನೀಸ್ ಹೋಟ್ಲಿಗೆ ಮನೆಯವರನ್ನೆಲ್ಲ ಕರ್ಕೊಂಡು ಹೋಗೋದಾದ್ರೆ

ಮೊನ್ನೆ ನನ್ನ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ಲು. ತೀರ್ಥಹಳ್ಳಿಯಿಂದ ಅತ್ತೆ ಮಾವ ಶಿವಮೊಗ್ಗಕ್ಕೆ ಬರ್ತಿದ್ದಾರೆ, ಮಗನ ಬರ್ತ್‌ಡೇ ಬೇರೆ, ಅವನಿಗೆ ಥಾಯ್ ಮತ್ತೆ ಜಪಾನೀಸ್ ಎರಡೂ ಸೇರಿಸಿ ಮಾಡೋ ಹೋಟ್ಲಿಗೇ ಹೋಗ್ಬೇಕಂತೆ, ಅತ್ತೆಗೆ ಮೊಟ್ಟೆನೂ ಆಗಲ್ಲ, ಮಾವನಿಗೆ ಬಿಪಿ, ಅಲ್ಲಿ ಹೋಗಿ ಎಂತ ಹೇಳೋದು ಅಕ್ಕಾ ಅಂತ ಕೇಳಿದ್ಲು. ಮುಕ್ಕಾಲು ಗಂಟೆ ಮಾತಾಡಿದ್ವಿ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ, ಯಾಕಂದ್ರೆ ಈ ಊಟ ನಮ್ಮ ಮಲೆನಾಡಿನವರಿಗೆ ನಿಜವಾಗ್ಲೂ ಹಿಡಿಸುತ್ತೆ ಅನ್ನೋದು ನನ್ನ ನಂಬಿಕೆ, ಆದ್ರೆ ಮೊದಲ ಸಲ ತಪ್ಪು ಕ್ರಮದಲ್ಲಿ ತಿಂದು "ಒಂದು ಸಪ್ಪೆ, ಇನ್ನೊಂದು ಬರೀ ಖಾರ" ಅಂತ ಎದ್ದು ಬಂದವರನ್ನ ತುಂಬ ನೋಡಿದೀನಿ.

ಕ್ರಮ ಅಂದೆ ನೋಡಿ, ಇಡೀ ವಿಷಯ ಇರೋದೇ ಅದರಲ್ಲಿ. ನಮ್ಮ ಎಲೆ ಊಟದಲ್ಲಿ ಉಪ್ಪು, ಕೋಸಂಬರಿ, ಪಲ್ಯ ಬಡಿಸಿ ಆಮೇಲೆ ಸಾರು, ಹುಳಿ, ಪಾಯಸ, ಕೊನೆಗೆ ಮಜ್ಜಿಗೆ ಅಂತ ಒಂದು ದಾರಿ ಇದ್ಯಲ್ಲ, ಪಾಯಸ ತಿಂದಾದ ಮೇಲೆ ಕೋಸಂಬರಿ ಬಾಯಿಗೆ ಹಾಕಿದ್ರೆ ಅದರ ರುಚಿ ಸಿಗಲ್ಲ. ಇಲ್ಲೂ ಹಂಗೇ. ಜಪಾನಿನ ಅಡುಗೆ ಮೆತ್ತಗಿನ ರುಚಿದು, ಅನ್ನದ ಸಣ್ಣ ಹುಳಿ, ಸೌತೆಕಾಯಿಯ ತಣ್ಪು, ಮೀನಿನ ಸಿಹಿ, ಇವೆಲ್ಲ ನಾಲಿಗೆ ಖಾಲಿ ಇದ್ದಾಗ ಮಾತ್ರ ಗೊತ್ತಾಗೋದು. ಥಾಯ್ ಅಡುಗೆ ಹುಳಿ ಖಾರ ಸಿಹಿ ಉಪ್ಪು ನಾಲ್ಕನ್ನೂ ಒಟ್ಟಿಗೇ ಬಾಯಿಗೆ ತರುತ್ತೆ. ಹಾಗಾಗಿ ಮೊದ್ಲು ಜಪಾನ್, ಆಮೇಲೆ ಥಾಯ್‌ಲೆಂಡ್. ಎಲ್ಲ ಒಟ್ಟಿಗೆ ಆರ್ಡರ್ ಕೊಟ್ರೆ ಅಡುಗೆಮನೆಯಿಂದ ಯಾವುದು ಮೊದ್ಲು ಆಗುತ್ತೋ ಅದನ್ನ ತಂದಿಡ್ತಾರೆ, ಅದಕ್ಕೇ ಎರಡು ಸರ್ತಿ ಬೇರೆ ಬೇರೆ ಆರ್ಡರ್ ಕೊಡಿ, ಇಲ್ಲಾಂದ್ರೆ "ಸುಶಿ, ಟೆಂಪುರಾ ಮೊದ್ಲು ತನ್ನಿ, ಅದು ಮುಗಿದ ಮೇಲೆ ಥಾಯ್ ಕರಿ ಶುರು ಮಾಡಿ" ಅಂತ ಬಾಯಿಬಿಟ್ಟು ಹೇಳಿ. ಸುಶಿ ಅಂದ್ರೆ ಹುಳಿ ಹದದ ಅನ್ನದ ತುತ್ತು, ಟೆಂಪುರಾ ಅಂದ್ರೆ ಹಿಟ್ಟಲ್ಲಿ ಅದ್ದಿ ಕರಿದಿದ್ದು.

ಹೋಗೋಕೆ ಮುಂಚೆ ಒಂದು ಫೋನ್ ಮಾಡ್ಲೇಬೇಕು, ಮನೇಲಿ ಶುದ್ಧ ಸಸ್ಯಾಹಾರಿಗಳಿದ್ರೆ ಇದು ಕಡ್ಡಾಯ ಅಂತಾನೇ ಇಟ್ಕೊಳ್ಳಿ. ನನ್ನ ದೊಡ್ಡಮ್ಮ ಹೊಸನಗರ ಕಡೆಯವರು, ಈರುಳ್ಳಿ ಬೆಳ್ಳುಳ್ಳಿ ತಿಂತಾರೆ, ಮೊಟ್ಟೆ ಮೀನು ಮಾಂಸ ಯಾವತ್ತೂ ಮುಟ್ಟಿದವರಲ್ಲ. ಕೆಲವು ವರ್ಷದ ಹಿಂದೆ ಒಂದು ಹೋಟ್ಲಲ್ಲಿ ನಾನೇ ಅವರಿಗೆ ಮಿಸೋ ಸೂಪ್, ಅಂದ್ರೆ ಹುದುಗಿಸಿದ ಸೋಯಾ ಮುದ್ದೆ ಕದಡಿ ಮಾಡೋ ಜಪಾನಿನ ಸಾರು, ಹೇಳ್ದೆ, ಸಪ್ಲೈಯರ್ ಹತ್ರ ವೆಜ್ಜಾ ಅಂತ ಕೇಳಿದ್ದಕ್ಕೆ ಹೌದು ಮೇಡಂ ಪ್ಯೂರ್ ವೆಜ್, ತೋಫು ಮಾತ್ರ ಅಂದ. ಆಮೇಲೆ ಯಾಕೋ ಅನುಮಾನ ಬಂದು ಅಡುಗೆ ಮಾಡೋರನ್ನೇ ಕರೆಸಿ ಕೇಳಿದ್ರೆ ಸಾರಿನ ಪುಡಿ ಮೀನಿನದ್ದು ಅಂದ್ರು. ದೊಡ್ಡಮ್ಮ ಅಷ್ಟೊತ್ತಿಗೆ ಎರಡು ಚಮಚ ಕುಡಿದಿದ್ರು. ಒಂದು ಮಾತೂ ಆಡ್ಲಿಲ್ಲ, ಬಟ್ಟಲನ್ನ ನಿಧಾನಕ್ಕೆ ಆಚೆ ಸರಿಸಿದ್ರು, ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದು ಕೂತ್ರು, ನಮ್ಮೆಲ್ಲರ ಊಟ ಮುಗಿಯೋ ತನಕ ನೀರು ಬಿಟ್ಟು ಬೇರೇನೂ ಮುಟ್ಲಿಲ್ಲ. ಆ ದಿನದಿಂದ ನಾನು "ವೆಜ್ಜಾ" ಅನ್ನೋ ಪ್ರಶ್ನೆ ಕೇಳೋದನ್ನೇ ಬಿಟ್ಟಿದೀನಿ.

ಯಾಕಂದ್ರೆ ಆ ಎರಡೂ ದೇಶದ ಅಡುಗೇಲಿ ಮೀನು ಅನ್ನೋದು ತುಂಡಾಗಿ ಕಾಣೋ ಪದಾರ್ಥ ಅಷ್ಟೇ ಅಲ್ಲ, ನಮ್ಮಲ್ಲಿ ಉಪ್ಪು ಇಂಗು ಇದ್ದ ಹಾಗೆ ಒಳಗೆ ಕರಗಿರುತ್ತೆ. ಜಪಾನಿನ ಸಾರಿಗೆ ಬುಡ ದಾಶಿ, ಅದನ್ನ ಕೊಂಬು ಅನ್ನೋ ಕಡಲ ಪಾಚಿ ಮತ್ತೆ ಒಣಗಿಸಿ ಹೊಗೆ ಹಿಡಿಸಿದ ಮೀನಿನ ಹೆರೆಗಳಿಂದ ತೆಗೀತಾರೆ, ಮಿಸೋ ಸೂಪಿಗೂ ಅದೇ, ರಾಮೆನ್ ಅನ್ನೋ ನೂಡಲ್ ಸೂಪಿನ ಸಾರಿಗೂ ಎಷ್ಟೋ ಕಡೆ ಅದೇ, ಟೆಂಪುರಾ ಜೊತೆ ಕೊಡೋ ಕಂದು ನೀರಿಗೂ ಅದೇ. ಥಾಯ್ ಕಡೆ ನಾಮ್ ಪ್ಲಾ ಅನ್ನೋ ಫಿಶ್ ಸಾಸ್ ಇದೆ, ಕರಿ ಪೇಸ್ಟ್ ಒಳಗೆ ಕಾಪಿ ಅಂತ ಸೀಗಡಿ ಅರೆದು ಹುದುಗಿಸಿದ್ದು ಇರುತ್ತೆ, ತರಕಾರಿ ಹುರಿಯೋಕೆ ಆಯ್ಸ್ಟರ್ ಅನ್ನೋ ಕಡಲ ಚಿಪ್ಪುಜೀವಿಯ ಸಾಸ್ ಹಾಕ್ತಾರೆ. ಸುಶಿ ಮೇಲೆ ಗೆರೆ ಎಳೆಯೋ ಮೇಯೊನೀಸಲ್ಲಿ ಮೊಟ್ಟೆ. ಹಾಗಾಗಿ ಫೋನಲ್ಲಿ ಒಂದೊಂದರ ಹೆಸರು ಹಿಡಿದೇ ಕೇಳಿ: ಗ್ರೀನ್ ಕರಿ ಪೇಸ್ಟ್ ನೀವೇ ಅರೀತೀರಾ, ಡಬ್ಬದ್ದಾ, ಡಬ್ಬದ್ದಾದ್ರೆ ಮೇಲೆ ಹಸಿರು ಚುಕ್ಕಿ ಇದೆಯಾ, ಫಿಶ್ ಸಾಸ್ ಬದಲು ಸೋಯಾ ಸಾಸ್ ಹಾಕ್ತೀರಾ, ಸೂಪಿಗೆ ಬರೀ ಕೊಂಬು ಮತ್ತೆ ಅಣಬೆ ದಾಶಿ ಮಾಡಿಕೊಡ್ತೀರಾ, ಎಣ್ಣೆ ಬಾಣಲೆ ಬೇರೆ ಇದೆಯಾ. ನಮ್ಮ ದೇಶದ ಪ್ಯಾಕೆಟ್ ನಿಯಮದಲ್ಲಿ ಮೊಟ್ಟೆ ಇದ್ರೂ ಹಸಿರು ಚುಕ್ಕಿ ಕೊಡೋ ಹಾಗಿಲ್ಲ, ಅದೊಂದು ಅನುಕೂಲ. ಒಳ್ಳೆ ಅಡುಗೆಯವರು ಈ ಪ್ರಶ್ನೆಗಳಿಗೆ ಬೇಜಾರು ಮಾಡ್ಕೊಳ್ಳಲ್ಲ, ತಾವೇ ಇದು ತಗೊಳ್ಳಿ ಅದು ಬೇಡ ಅಂತ ಹೇಳ್ತಾರೆ. "ಎಲ್ಲಾ ಆಗುತ್ತೆ ಬನ್ನಿ" ಅಂತ ಒಂದೇ ಉತ್ತರ ಬಂದ್ರೆ ಹಿರಿಯರನ್ನ ಅಲ್ಲಿಗೆ ಕರ್ಕೊಂಡು ಹೋಗ್ಬೇಡಿ. ಥಾಯ್‌ಲೆಂಡಲ್ಲೇ ಮಾಂಸ ಮೀನು ಯಾವ ಪ್ರಾಣಿ ಪದಾರ್ಥವೂ ಇಲ್ಲದ ಅಡುಗೆಗೆ "ಜೇ" ಅಂತ ಹೆಸರಿದೆ, ಅಂದ್ರೆ ಮೀನಿಲ್ಲದೆ ಈ ಅಡುಗೆ ಆಗಲ್ಲ ಅನ್ನೋ ಮಾತು ಸುಳ್ಳು.

ಈ ಎರಡು ದೇಶದ ಅಡುಗೆ ಒಂದೇ ಸೂರಿನಡಿ ಬಂದಿದ್ದು ಹೊಸ ಫ್ಯಾಶನ್ ಅಂತ ಅನ್ಸಬಹುದು, ಆದ್ರೆ 17ನೇ ಶತಮಾನದಲ್ಲೇ ಥಾಯ್ ರಾಜಧಾನಿ ಅಯುತ್ಥಯದಲ್ಲಿ ಜಪಾನಿನವರ ಒಂದು ಕೇರಿ ಇತ್ತು. ನನಗೆ ಇದಕ್ಕಿಂತ ಇಷ್ಟವಾಗೋ ಸಂಗತಿ ಇನ್ನೊಂದಿದೆ. ಪೋರ್ಚುಗೀಸರು 1511ರಲ್ಲಿ ಅಯುತ್ಥಯಕ್ಕೆ, 1543ರಲ್ಲಿ ಜಪಾನಿಗೆ ಹೋದ್ರು, ಹಿಟ್ಟಲ್ಲಿ ಅದ್ದಿ ಕರಿಯೋ ಟೆಂಪುರಾ ಜಪಾನಿಗೆ ಬಂದಿದ್ದು ಅವರಿಂದ. ಹಸಿಮೆಣಸು ಏಷ್ಯಾಕ್ಕೆ ಬಂದಿದ್ದೂ ಅವರ ಹಡಗಲ್ಲೇ. ಅದೇ ಪೋರ್ಚುಗೀಸರು ನಮ್ಮ ಕೆಳದಿ ನಾಯಕರ ಸೀಮೆಯ ಕಾಳುಮೆಣಸಿಗೆ ಕರಾವಳಿ ಬಂದರಲ್ಲಿ ಕಾದು ಕೂತಿದ್ದವರು. ಆ ಟೇಬಲ್ ಮೇಲಿನ ಊಟ ನಮಗೆ ಅಂಥ ದೂರದ್ದೇನಲ್ಲ.

ಈಗ ಒಳಗೆ ಹೋಗಿ ಕೂತ್ರಿ ಅಂತ ಇಟ್ಕೊಳ್ಳಿ. ಬಿಸಿ ಒದ್ದೆ ಬಟ್ಟೆ ಸುರುಳಿ ಮಾಡಿ ತಂದಿಟ್ರೆ ಅದು ಕೈ ಒರೆಸೋಕೆ. ನಾಲ್ಕು ಜನರಿಗೆ ಮೊದಲ ಸುತ್ತಲ್ಲಿ ಒಂದು ಎಡಮಾಮೆ, ಒಂದು ಸುತ್ತಿದ ಸುಶಿ, ಒಂದು ತರಕಾರಿ ಟೆಂಪುರಾ ಸಾಕು. ಸುತ್ತಿದ ರೋಲ್ ಸಾಮಾನ್ಯವಾಗಿ ಆರೋ ಎಂಟೋ ತುಂಡು ಬರುತ್ತೆ, ನಿಗಿರಿ ಅಂದ್ರೆ ಕೈಯಲ್ಲಿ ಒತ್ತಿದ ಅನ್ನದ ಮೇಲೆ ಮೀನಿನ ಹೋಳು ಇಟ್ಟಿದ್ದು, ಅದು ಹೆಚ್ಚಾಗಿ ಎರಡೇ. ಎಡಮಾಮೆ ಅಂದ್ರೆ ಎಳೆ ಸೋಯಾ ಕಾಯಿ ಉಪ್ಪು ಹಾಕಿ ಬೇಯಿಸಿದ್ದು, ಕಾಯಿಯನ್ನ ತುಟಿಗಿಟ್ಟು ಹಿಸುಕಿದ್ರೆ ಕಾಳು ಬಾಯಿಗೆ ಬರುತ್ತೆ, ಸಿಪ್ಪೆ ಪಕ್ಕದ ಬಟ್ಟಲಿಗೆ. ಅವರೆಕಾಯಿ ತಿಂದು ಬೆಳೆದವರಿಗೆ ಇದನ್ನ ಕಲಿಸ್ಬೇಕಾಗೇ ಇಲ್ಲ.

ಸುಶಿ ಅಂದ ತಕ್ಷಣ ಹಸಿ ಮೀನು ಅಂತ ಎಲ್ಲರೂ ಹೆದರ್ತಾರೆ. ಸುಶಿ ಅಂದ್ರೆ ಆ ಅನ್ನ. ಗಿಡ್ಡ ಅಕ್ಕಿ ಬೇಯಿಸಿ ವಿನೆಗರ್, ಸಕ್ಕರೆ, ಉಪ್ಪು ಬೆರೆಸಿ ಹದ ಮಾಡಿದ ಅನ್ನ, ಅದರ ಜೊತೆ ಸೌತೆಕಾಯಿ ಇಟ್ರೂ ಸುಶಿನೇ, ಬೆಣ್ಣೆಹಣ್ಣು ಇಟ್ರೂ ಸುಶಿನೇ. ಸಸ್ಯಾಹಾರಿಗಳಿಗೆ ಸೌತೆಕಾಯಿ ರೋಲೇ ಮೊದಲ ಆಯ್ಕೆ. ಹೊರಗೆ ಸುತ್ತಿರೋ ಕಪ್ಪು ಹಾಳೆ ನೋರಿ, ಕಡಲ ಪಾಚಿ ಒಣಗಿಸಿ ಕಾಗದದ ಹಾಗೆ ಮಾಡಿದ್ದು, ಸಮುದ್ರದ ವಾಸನೆ ಬರುತ್ತೆ ಆದ್ರೆ ಅದರಲ್ಲಿ ಮೀನಿಲ್ಲ, ಹಿರಿಯರಿಗೆ ಇದನ್ನ ಮುಂಚೆನೇ ಹೇಳಿಬಿಡಿ. ಕ್ಯಾಲಿಫೋರ್ನಿಯಾ ರೋಲಲ್ಲಿ ಏಡಿ ಅಂತ ಇರೋದು ಬಹುತೇಕ ಕಡೆ ಮೀನು ಅರೆದು ಮಾಡಿದ ಕಡ್ಡಿ, ಅದೂ ಬೆಂದಿರುತ್ತೆ, ಹಸಿ ಮೀನು ಬೇಡ ಅನ್ನೋ ಮಾಂಸಾಹಾರಿಗಳಿಗೆ ಅದು ಸರಿ. ಹಸಿದನ್ನೇ ತಿನ್ನೋ ಆಸೆ ಇದ್ರೆ ಕಡಲಿಂದ ಘಟ್ಟ ಹತ್ತಿ ಬಂದ ಮೀನು ಅದು ಅನ್ನೋದು ನೆನಪಿರ್ಲಿ, ಹಸಿ ತಿನ್ನೋಕಂತಾನೇ ಫ್ರೀಜ್ ಮಾಡಿ ತರಿಸಿದ್ದಾ ಅಂತ ಕೇಳಿ. ಅಮೆರಿಕದ ಆಹಾರ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸೂಚನೆಯಲ್ಲಿ ಮೀನಿನೊಳಗಿನ ಹುಳ ಸಾಯೋಕೆ ಮೈನಸ್ 20 ಡಿಗ್ರಿ ಸೆಲ್ಸಿಯಸಲ್ಲಿ 7 ದಿನ ಇಡ್ಬೇಕು ಅಂತ ಇದೆ. ಬಸುರಿಯರು, ಚಿಕ್ಕ ಮಕ್ಕಳು, ತುಂಬ ವಯಸ್ಸಾದವರಿಗೆ ಹಸಿ ಮೀನು ಬೇಡವೇ ಬೇಡ.

ಪ್ಲೇಟಲ್ಲಿ ಮೂಲೆಗೆ ಹಸಿರು ಉಂಡೆ ಇರುತ್ತಲ್ಲ, ಅದು ಪುದೀನ ಚಟ್ನಿ ಅಂದ್ಕೊಂಡು ನನ್ನ ತಮ್ಮ ಪೂರ್ತಿ ಬಾಯಿಗಿಟ್ಟು ಕಣ್ಣೀರು ಸುರಿಸಿದ್ದ. ವಾಸಾಬಿ ಅದು. ನಾಲಿಗೆ ಉರಿಸಲ್ಲ, ಮೂಗಿಂದ ನೆತ್ತಿಗೆ ಏರುತ್ತೆ, ನಮ್ಮ ಸಾಸಿವೆ ಅರೆದಾಗ ಬರೋ ಘಾಟಿನ ಹಾಗೇನೇ, ಯಾಕಂದ್ರೆ ಎರಡರಲ್ಲೂ ಇರೋದು ಅಲೈಲ್ ಐಸೋಥಯೋಸಯನೇಟ್ ಅನ್ನೋ ಒಂದೇ ಅಂಶ. ನಿಜವಾದ ವಾಸಾಬಿ ತಣ್ಣಗೆ ಹರಿಯೋ ಬೆಟ್ಟದ ಹಳ್ಳದ ನೀರಲ್ಲಿ ಬೆಳೆಯೋ ಗಿಡದ ದಂಟು, ತುಂಬ ದುಬಾರಿ, ಹೋಟ್ಲಲ್ಲಿ ಸಿಗೋದು ಹೆಚ್ಚಾಗಿ ಹಾರ್ಸ್‌ರ‍್ಯಾಡಿಶ್ ಗೆಡ್ಡೆ, ಸಾಸಿವೆ, ಹಸಿರು ಬಣ್ಣ ಸೇರಿಸಿದ್ದು. ಅರ್ಧ ಉದ್ದಿನಕಾಳಿನಷ್ಟು ಸಾಕು. ಮೂಗಿಗೆ ಏರಿದ್ರೆ ಬಾಯಿಂದ ಉಸಿರು ಬಿಡಿ, ಹತ್ತಿಪ್ಪತ್ತು ಸೆಕೆಂಡಲ್ಲಿ ಹೋಗುತ್ತೆ.

ಸುಶಿ ಕೈಯಲ್ಲೇ ತಿನ್ನಬಹುದು, ಜಪಾನಿನಲ್ಲೂ ತಿಂತಾರೆ, ನಾಚಿಕೆ ಬೇಡ. ನಿಗಿರಿಯನ್ನ ಬೆರಳಲ್ಲಿ ಮೆಲ್ಲಗೆ ಮಗುಚಿ ಮೀನಿನ ಬದಿ ಮಾತ್ರ ಸೋಯಾ ಸಾಸಿಗೆ ತಾಗ್ಸಿ ಒಂದೇ ತುತ್ತಿಗೆ ಬಾಯಿಗೆ ಹಾಕಿ, ಅನ್ನದ ಬದಿ ಅದ್ದಿದ್ರೆ ಸಾಸ್ ಹೀರ್ಕೊಂಡು ಉದುರಿ ಹೋಗುತ್ತೆ, ಬರೀ ಉಪ್ಪುಪ್ಪಾಗುತ್ತೆ. ಬಿಪಿ ಇರೋರಿಗೆ ಇದು ರುಚಿಯ ವಿಷಯ ಅಷ್ಟೇ ಅಲ್ಲ, ಒಂದು ದೊಡ್ಡ ಚಮಚ ಸೋಯಾ ಸಾಸಲ್ಲಿ ಹತ್ತತ್ರ 900 ಮಿಲಿಗ್ರಾಂ ಸೋಡಿಯಂ ಇರುತ್ತೆ, ಡಬ್ಲ್ಯುಎಚ್ಒ ಹೇಳೋದು ಇಡೀ ದಿನಕ್ಕೆ 2000 ಮಿಲಿಗ್ರಾಂ ಒಳಗಿರ್ಲಿ ಅಂತ. ಹಾಗಾಗಿ ಬಟ್ಟಲಿಗೆ ನಾಲ್ಕು ಹನಿ ಹಾಕ್ಕೊಳ್ಳಿ, ಮಾವನ ಬಟ್ಟಲಿಗೆ ನೀವೇ ಹಾಕಿಕೊಡಿ. ಗುಲಾಬಿ ಬಣ್ಣದ ತೆಳು ಎಸಳು ಶುಂಠಿ ಉಪ್ಪಿನಕಾಯಿ, ಅದನ್ನ ಸುಶಿ ಮೇಲೆ ಇಡೋದಲ್ಲ, ಒಂದು ಬಗೆ ತಿಂದು ಇನ್ನೊಂದಕ್ಕೆ ಹೋಗೋ ಮುಂಚೆ ಬಾಯಿ ಹಗುರ ಮಾಡ್ಕೊಳ್ಳೋಕೆ.

ಚಾಪ್‌ಸ್ಟಿಕ್ ಅನ್ನೋ ಊಟದ ಕಡ್ಡಿ ಹಿಡಿಯೋ ಆಸೆ ಮಕ್ಕಳಿಗೆ ಇದ್ದೇ ಇರುತ್ತೆ, ಮನೇಲೇ ಎರಡು ದಿನ ಬೇಯಿಸಿದ ಶೇಂಗಾ ಇಟ್ಕೊಂಡು ಅಭ್ಯಾಸ ಮಾಡ್ಸಿ. ಕೆಳಗಿನ ಕಡ್ಡಿ ಅಲ್ಲಾಡಬಾರ್ದು, ಹೆಬ್ಬೆರಳ ಬುಡದ ಸಂದಿಯಲ್ಲಿ ಕೂರಿಸಿ ಉಂಗುರ ಬೆರಳಿಗೆ ಒರಗಿಸಿ, ಮೇಲಿನದ್ದನ್ನ ಪೆನ್ ಹಿಡಿದ ಹಾಗೆ ಹಿಡಿದು ಅದೊಂದನ್ನೇ ಆಡ್ಸಿ, ಎರಡರ ತುದಿ ಸಮ ಇರ್ಬೇಕು, ಅಷ್ಟೇ ವಿದ್ಯೆ. ಬರದಿದ್ರೆ ಚಮಚ ಕೇಳಿ. ಆದ್ರೆ ಎರಡು ಕೆಲಸ ಮಾತ್ರ ಮಾಡ್ಬೇಡಿ. ಅನ್ನದ ಬಟ್ಟಲಲ್ಲಿ ಕಡ್ಡಿ ನೆಟ್ಟಗೆ ಚುಚ್ಚಿ ನಿಲ್ಲಿಸ್ಬಾರ್ದು, ಜಪಾನಿನಲ್ಲಿ ಅದು ತೀರಿಹೋದವರಿಗೆ ಇಡೋ ಅನ್ನ, ನಮಗೆ ಪಿಂಡ ನೋಡಿದ್ರೆ ಏನನ್ಸುತ್ತೋ ಅದು. ಕಡ್ಡಿಯಿಂದ ಕಡ್ಡಿಗೆ ತಿಂಡಿ ದಾಟಿಸ್ಬಾರ್ದು, ದಹನ ಆದ ಮೇಲೆ ಅಲ್ಲಿ ಮನೆಯವರು ಅಸ್ಥಿಯನ್ನ ಹಾಗೆ ಕಡ್ಡಿಯಿಂದ ಕಡ್ಡಿಗೆ ಕೊಟ್ಟು ಆರಿಸ್ತಾರೆ. ಅಸ್ಥಿ ಸಂಚಯನ ಮಾಡಿದವರ ಮನೆಯಲ್ಲಿ ಹುಟ್ಟಿದವರು ನಾವು, ಇದರ ಭಾರ ನಮಗೆ ಬಿಡಿಸಿ ಹೇಳ್ಬೇಕಾಗಿಲ್ಲ.

ಟೆಂಪುರಾ ಬಂದ ತಕ್ಷಣ ತಿನ್ನಿ, ಫೋಟೋ ಆಮೇಲೆ. ಐಸ್ ನೀರಲ್ಲಿ ಹಿಟ್ಟನ್ನ ಹೆಚ್ಚು ಕಲಸದೆ ಮಾಡ್ತಾರೆ, ಅದಕ್ಕೇ ಅಷ್ಟು ತೆಳು ಗರಿ ಬರೋದು, ಐದು ನಿಮಿಷ ಬಿಟ್ರೆ ಮೆತ್ತಗೆ. ಹಿಟ್ಟಿಗೆ ಮೊಟ್ಟೆ ಹಾಕ್ತೀರಾ ಅಂತ ಮಾತ್ರ ಮೊದ್ಲೇ ಕೇಳಿ.

ಇನ್ನು ಥಾಯ್. ಟಾಮ್ ಯಮ್ ಸೂಪ್ ಬೈ ಟು ಹೇಳಿ, ಬೌಲ್ ದೊಡ್ಡದೇ ಇರುತ್ತೆ. ಮುಂದೊಂದು ಸಲ, ಫಿಶ್ ಸಾಸ್ ಇಲ್ಲದೆ, ಸೀಗಡಿ ಸೇರಿರೋ ಮೆಣಸಿನ ಪೇಸ್ಟೂ ಇಲ್ಲದೆ ಬೇರೆಯಾಗಿ ಮಾಡ್ಸಿದ ಟಾಮ್ ಯಮ್ಮನ್ನ ದೊಡ್ಡಮ್ಮನ ಮುಂದಿಟ್ಟೆ, ಅಡುಗೆಯವರೇ ಬಂದು ಹಾಕಿದ್ದೆಲ್ಲ ಹೇಳಿ ಹೋದ್ರು. ಒಂದು ಗುಟುಕು ಕುಡಿದು "ಇದೆಂತ ಮಾರಾಯ್ತಿ, ನಮ್ಮ ಅಪ್ಪೆಹುಳಿ ಇದ್ದಂಗೇ ಇದೆಯಲ್ಲೇ" ಅಂದ್ರು. ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ! ಮಾವಿನಕಾಯಿ ಹುಳಿ ಜಾಗದಲ್ಲಿ ನಿಂಬೆ, ಒಗ್ಗರಣೆ ಜಾಗದಲ್ಲಿ ಮಜ್ಜಿಗೆಹುಲ್ಲು, ಆದ್ರೆ ತೆಳ್ಳಗೆ ಹುಳಿಹುಳಿ ಖಾರಖಾರ ಗಂಟಲಿಗಿಳಿಯೋ ಆ ದಾರಿ ಒಂದೇ. ಬಟ್ಟಲಲ್ಲಿ ಒಂದರ ತುದಿಗೆ ಇನ್ನೊಂದು ಅಂಟಿದಂಗೆ ಜೋಡಿ ಎಲೆ ತೇಲ್ತಿರುತ್ತೆ, ಒಂದು ಜಾತಿ ನಿಂಬೆಯ ಎಲೆ ಅದು, ಹೇರಳೆ ಎಲೆ ಹಿಸುಕಿದಾಗಿನ ಥರದ ಘಮ. ಅದು, ನಾರುನಾರಾದ ಮಜ್ಜಿಗೆಹುಲ್ಲಿನ ತುಂಡು, ಶುಂಠಿ ಜಾತಿಯ ಗಲಾಂಗಲ್ ಬಿಲ್ಲೆ, ಈ ಮೂರನ್ನೂ ತಿನ್ನಬಾರ್ದು, ಕರಿಬೇವಿನ ಹಾಗೆ ಬದಿಗಿಡೋದು. ಚಿಕ್ಕ ಮೆಣಸು ಕಂಡ್ರೆ ಅದನ್ನೂ ಬದಿಗಿಡಿ, ನಮ್ಮ ಸೂಜಿಮೆಣಸಿನ ಬಂಧು ಅದು.

ಖಾರ ಎಷ್ಟು ಬೇಕು ಅಂದ್ರೆ ಮೊದಲ ಸಲ ಮೀಡಿಯಂ ಅನ್ನಿ. ಬಾಯಿ ಉರಿದ್ರೆ ನೀರು ಕುಡಿದು ಪ್ರಯೋಜನ ಇಲ್ಲ, ಮೆಣಸಿನ ಖಾರದ ಅಂಶ ನೀರಲ್ಲಿ ಕರಗಲ್ಲ, ಹಾಲು ಮೊಸರು ಕಾಯಿಹಾಲಿಗೆ ಬಗ್ಗುತ್ತೆ, ಹಾಲು ಹಾಕಿದ ತಣ್ಣನೆ ಥಾಯ್ ಟೀ ಅದಕ್ಕೇ ಒಳ್ಳೇದು. ಕರಿಗಳಲ್ಲಿ ಹಸಿರು ಅಂದ್ರೆ ಹಸಿಮೆಣಸು ಅರೆದಿದ್ದು, ಕೆಂಪು ಅಂದ್ರೆ ಒಣಮೆಣಸು, ಹಳದಿಗೆ ಅರಿಶಿನ. ಹಸಿರಿದ್ದು ಕಣ್ಣಿಗೆ ತಂಪು ಅಂತ ಖಾರ ಕಮ್ಮಿ ಅಂದ್ಕೋಬೇಡಿ. ಹಿರಿಯರಿಗೆ ನಾನು ಯಾವಾಗ್ಲೂ ಹೇಳೋದು, ಪೇಸ್ಟಲ್ಲಿ ಸೀಗಡಿ ಇಲ್ಲ ಅಂತ ಕೇಳ್ಕೊಂಡೇ, ಮಸ್ಸಮನ್ ಕರಿ: ಆಲೂಗಡ್ಡೆ, ಶೇಂಗಾ, ಕಾಯಿಹಾಲು, ಜೊತೆಗೆ ಚಕ್ಕೆ ಲವಂಗ ಏಲಕ್ಕಿ, ಮುಸ್ಲಿಂ ವ್ಯಾಪಾರಿಗಳ ಅಡುಗೆಯ ಪ್ರಭಾವದಿಂದ ಬಂದಿದ್ದು, ನಮ್ಮ ಸಾಗು ತಿಂದ ಬಾಯಿಗೆ ನೇರ ಒಗ್ಗುತ್ತೆ. ಶೇಂಗಾ ಅಲರ್ಜಿ ಇರೋರು ಮಸ್ಸಮನ್, ಪ್ಯಾಡ್ ಥಾಯ್ ಅನ್ನೋ ಹುರಿದ ನೂಡಲ್, ಪಪಾಯಿ ಸಲಾಡ್ ಮೂರರಿಂದಲೂ ದೂರ ಇರಿ, ಮತ್ತೆ ಈ ಮಾತನ್ನ ಆರ್ಡರ್ ಕೊಡೋವಾಗ ಜೋರಾಗಿ ಹೇಳಿ.

ಥಾಯ್ ಊಟಕ್ಕೆ ಕಡ್ಡಿ ಬೇಡ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅಲ್ಲಿ ಅನ್ನ ತಿನ್ನೋದು ಚಮಚ ಫೋರ್ಕಲ್ಲಿ, ಬಲಗೈಲಿ ಚಮಚ, ಎಡಗೈಲಿ ಫೋರ್ಕ್, ಫೋರ್ಕಿಂದ ಚಮಚಕ್ಕೆ ತಳ್ಳೋದು, ಬಾಯಿಗೆ ಹೋಗೋದು ಚಮಚ. ಕಡ್ಡಿ ನೂಡಲ್ ಸೂಪಿಗೆ ಮಾತ್ರ. ಕರಿ ಎಲ್ಲ ನಡುವೆ ಇಟ್ಟು ಎಲ್ಲರೂ ಹಂಚ್ಕೊಂಡು ತಿನ್ನೋದು ಪದ್ಧತಿ, ನಿಮ್ಮ ಅನ್ನದ ಮೇಲೆ ಒಂದು ಸಲಕ್ಕೆ ಒಂದೇ ಕರಿ, ಎರಡು ಚಮಚ, ಅದು ಮುಗಿದ ಮೇಲೆ ಇನ್ನೊಂದು. ಹುಳಿಯನ್ನೂ ಸಾರನ್ನೂ ಒಂದೇ ಅನ್ನಕ್ಕೆ ಸುರ್ಕೊಳ್ಳಲ್ವಲ್ಲ ನಾವು, ಹಾಗೆ.

ಎರಡೂ ಸೇರಿಸಿದ ಫ್ಯೂಷನ್ ಐಟಂ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಟಾಮ್ ಯಮ್ ರಾಮೆನ್, ಗ್ರೀನ್ ಕರಿ ಜೊತೆ ಉಡಾನ್ ನೂಡಲ್, ಇವು ಚೆನ್ನಾಗಿ ಕೂಡುತ್ತೆ, ಯಾಕಂದ್ರೆ ಜಪಾನಿನ ನೂಡಲ್ ದಪ್ಪ, ಸಾರಿನ ಖಾರ ಹುಳಿಯನ್ನ ತಡ್ಕೊಳ್ಳುತ್ತೆ. ಮಾವಿನಹಣ್ಣು ಹಾಕಿದ ಸುಶಿನೂ ಸೈ. ಆದ್ರೆ ಸುಶಿ ಮೇಲೆ ಸಿಹಿ ಚಿಲ್ಲಿ ಸಾಸ್, ಮೇಯೊನೀಸ್, ಮತ್ತೆ ಕರಿದ ಪುಡಿ ಎಲ್ಲ ಸುರಿದು ಕೊಡೋದಿದ್ಯಲ್ಲ, ಅದರಲ್ಲಿ ಅನ್ನದ ರುಚಿನೇ ಮುಚ್ಚಿಹೋಗುತ್ತೆ, ದುಡ್ಡು ದಂಡ. ಸಾಸ್ ಪಕ್ಕಕ್ಕೆ ಕೊಡಿ ಅಂತ ಹೇಳಿ.

ಸಿಹಿಗೆ ಮಾವಿನಹಣ್ಣು ಮತ್ತೆ ಅಂಟಕ್ಕಿ ಅನ್ನ, ಮೇಲೆ ಉಪ್ಪು ಸಕ್ಕರೆ ಸೇರಿಸಿದ ಕಾಯಿಹಾಲು. ನಮ್ಮಲ್ಲಿ ರಸಾಯನ ಮಾಡೋ ಕಾಲದಲ್ಲೇ, ಏಪ್ರಿಲ್ ಮೇ ಹೊತ್ತಲ್ಲಿ ತಗೊಳ್ಳಿ, ಉಳಿದ ತಿಂಗಳಲ್ಲಿ ಡಬ್ಬದ ಹಣ್ಣು ಕೊಡ್ತಾರೆ, ಬೇಡ. ಬಿಲ್ಲಲ್ಲಿ ಸರ್ವಿಸ್ ಚಾರ್ಜ್ ಅಂತ ತಾನಾಗೇ ಸೇರಿಸಿದ್ರೆ ತೆಗೆಸಬಹುದು, 2022ರ ಜುಲೈಯಲ್ಲೇ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಹಾಗೆ ಹಾಕೋ ಹಾಗಿಲ್ಲ ಅಂದಿದೆ. ಬಡಿಸಿದ ಹುಡುಗ ಚೆನ್ನಾಗಿ ನೋಡ್ಕೊಂಡಿದ್ರೆ ಅವನ ಕೈಗೇ ಕೊಡಿ.

ಉಳಿದಿದ್ರಲ್ಲಿ ಸುಶಿ ಪಾರ್ಸೆಲ್ ಕಟ್ಟಿಸ್ಬೇಡಿ, ಫ್ರಿಜ್ಜಲ್ಲಿ ಅನ್ನ ಗಟ್ಟಿಯಾಗುತ್ತೆ, ಹೊರಗಿಟ್ರೆ ಕೆಡುತ್ತೆ, ಟೇಬಲಲ್ಲೇ ಮುಗಿಸಿ. ಕರಿ ಮಾತ್ರ ಖಂಡಿತ ಕಟ್ಟಿಸಿ, ಮನೆಗೆ ಹೋದ ತಕ್ಷಣ ಫ್ರಿಜ್ಜಲ್ಲಿಡಿ. ನಮ್ಮನೇಲಿ ಮಾರನೇ ದಿನ ಬೆಳಗ್ಗೆ ಮಸ್ಸಮನ್ ಬಿಸಿ ಮಾಡಿ ಅಕ್ಕಿ ಕಡುಬಿನ ಜೊತೆ ಇಟ್ಟಿದ್ದೆ, ದೊಡ್ಡಮ್ಮ ಎರಡನೇ ಸಲ ಹಾಕಿಸ್ಕೊಂಡ್ರು.